ಮೀನುಗಾರಿಕೆ ವಿಜ್ಞಾನ ಶಿಕ್ಷಣ: ಭಾರತದಲ್ಲಿ ಅದರ ಇತಿಹಾಸ

ಮೀನಿನ ಜೀವಶಾಸ್ತ್ರ, ಸಾಕಣೆ, ಹಿಡಿಯುವ ಬಗೆ, ಸಂಸ್ಕರಣೆ ಮತ್ತು ಮತ್ಸ್ಯಸಂಪತ್ತಿನ ನಿರ್ವಹಣೆ, ಇವಿಷ್ಟನ್ನೂ ಒಂದೇ ಪದವಿಯಡಿ ಕಲಿಸುವ ವ್ಯಾಸಂಗವೇ ಮೀನುಗಾರಿಕೆ ವಿಜ್ಞಾನ. ಭಾರತದಲ್ಲಿ ಇದಕ್ಕಾಗಿಯೇ ಮೀಸಲಾದ ಮೊದಲ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಹೆಚ್ಚು ಮೀನು ಉತ್ಪಾದಿಸುವುದು ಹೇಗೆ ಎಂಬ ಪ್ರಶ್ನೆಯಿಂದ ಹುಟ್ಟಿದ ಈ ಶಾಸ್ತ್ರ, ಎಷ್ಟು ಹಿಡಿದರೆ ಸಾಕು ಎಂದು ಕೇಳಲು ಕಲಿತದ್ದು ತಡವಾಗಿ.

ಅದಕ್ಕೂ ಮೊದಲು ಮೀನು ಪ್ರಾಣಿಶಾಸ್ತ್ರದ ಒಂದು ಅಧ್ಯಾಯವಾಗಿತ್ತು. ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1875-78ರಲ್ಲಿ ಪ್ರಕಟಿಸಿದ ಭಾರತದ ಮೀನುಗಳ ಗ್ರಂಥ ಇಂದಿಗೂ ಜಾತಿ ಗುರುತಿಸುವವರ ಆಕರ. ಆದರೆ ಮೀನಿನ ಹೆಸರು ಗೊತ್ತಾದ ಮಾತ್ರಕ್ಕೆ ಮೀನುಗಾರಿಕೆ ಗೊತ್ತಾಗುವುದಿಲ್ಲ. ಈ ಅಂತರವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ಆಡಳಿತಗಾರ ಫ್ರೆಡರಿಕ್ ನಿಕಲ್ಸನ್. 1907ರಲ್ಲಿ ಶುರುವಾದ ಮದರಾಸು ಮೀನುಗಾರಿಕಾ ಬ್ಯೂರೋದ ಮೂಲಕ ಅವರು ಪಡುವಣ ಕರಾವಳಿಯಲ್ಲಿ ಬೂತಾಯಿಯ ಎಣ್ಣೆ, ಗೊಬ್ಬರ, ಉಪ್ಪು ಹಾಕಿ ಒಣಗಿಸುವ ಕ್ರಮಗಳನ್ನು ಸುಧಾರಿಸಲು ಹೊರಟರು. ದಕ್ಷಿಣ ಕನ್ನಡವೂ ಆಗ ಮದರಾಸು ಆಧಿಪತ್ಯದ ಜಿಲ್ಲೆ. ಜಪಾನ್ ಆ ಹೊತ್ತಿಗಾಗಲೇ ಮೀನುಗಾರಿಕೆಗೆ ಪ್ರತ್ಯೇಕ ಶಿಕ್ಷಣ ಸಂಸ್ಥೆ ಕಟ್ಟಿತ್ತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ 1919ರಲ್ಲಿ ಕಾಲೇಜು ತೆರೆಯಿತು. ಭಾರತ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

1947ರಲ್ಲಿ ಕಡಲ ಮೀನಿಗೆ ಒಂದು, ಒಳನಾಡಿನ ಮೀನಿಗೆ ಒಂದು ಕೇಂದ್ರ ಸಂಶೋಧನಾ ಕೇಂದ್ರಗಳು ಬಂದವು. ರಾಜ್ಯಗಳ ಮೀನುಗಾರಿಕೆ ಅಧಿಕಾರಿಗಳಿಗೆ ತರಬೇತಿ ಕೊಡುವ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಮುಂಬಯಿಯಲ್ಲಿ ಆರಂಭವಾದದ್ದು 1961ರಲ್ಲಿ. ಅಲ್ಲಿನ ಮೊದಲ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಗಲೇ ನೌಕರಿಯಲ್ಲಿದ್ದವರು.

ಪದವಿ ಶಿಕ್ಷಣಕ್ಕೆ ನಿಜವಾದ ಒತ್ತಾಸೆ ಬಂದದ್ದು ಕಡಲಿನಿಂದಲ್ಲ, ಕೊಳದಿಂದ. ಕಾಟ್ಲಾ, ರೋಹು, ಮೃಗಾಲ್ ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದಲ್ಲಿ ಗಂಗಾದಂಥ ನದಿಗಳಿಂದ ಮರಿಗಳನ್ನು ಬಾಚಿ ತರಬೇಕಿತ್ತು. ಅದರಲ್ಲಿ ಬೇಡದ ಮೀನುಗಳ, ಮರಿಗಳನ್ನೇ ನುಂಗುವ ಮೀನುಗಳ ಮರಿಗಳೂ ಬೆರೆತು ಬರುತ್ತಿದ್ದವು. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳ ಪ್ರೇರಿತ ಸಂತಾನೋತ್ಪತ್ತಿಯಲ್ಲಿ ಯಶಸ್ವಿಯಾದರು. ಬಿತ್ತನೆ ಮೀನನ್ನು ಬೇಕಾದಲ್ಲಿ ತಯಾರಿಸಬಹುದು ಎಂದಾದ ಮೇಲೆ ಮರಿ ಉತ್ಪಾದನಾ ಕೇಂದ್ರಗಳನ್ನು ನಡೆಸಬಲ್ಲ, ನೀರಿನ ಗುಣ ಅಳೆಯಬಲ್ಲ, ರೋಗ ಗುರುತಿಸಬಲ್ಲ ಜನ ಬೇಕಾದರು. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಇದಕ್ಕೆ ಸಾಲುತ್ತಿರಲಿಲ್ಲ.

ಮಂಗಳೂರಿನ ಮೀನುಗಾರಿಕಾ ಕಾಲೇಜನ್ನು ತೆರೆದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಕೆ.ಸಿ. ನಾಯಕ್ ಅದರ ಮೊದಲ ಕುಲಪತಿ. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳ ಮಾದರಿ ಹೀಗೆ ಮೀನಿಗೂ ಬಂತು. ಆರಂಭದ ವರ್ಷಗಳಲ್ಲಿ ಕಾಲೇಜನ್ನು ಕಟ್ಟಿದವರು ಎಚ್.ಪಿ.ಸಿ. ಶೆಟ್ಟಿ. ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿಯಲ್ಲಿ ಸಾಕಣೆಯ ಜೊತೆಗೆ ಸಾಗರವಿಜ್ಞಾನ, ಬಲೆ ಮತ್ತು ದೋಣಿಗಳ ತಂತ್ರ, ಸಂಸ್ಕರಣೆ, ಅರ್ಥಶಾಸ್ತ್ರ ಎಲ್ಲವೂ ಸೇರಿದವು. ಕೃಷಿಯ ಮನೆಗೆ ಸೇರಿದ್ದರಿಂದ ಮೀನು ಬೆಳೆಯೂ ಆಯಿತು. ಎಕರೆಗೆ ಇಷ್ಟು ಇಳುವರಿ ಎಂಬ ಲೆಕ್ಕಾಚಾರ ಕೆರೆಗೆ ಒಪ್ಪುತ್ತದೆ. ಯಾರೂ ಬಿತ್ತದ ಕಡಲಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ.

ಈ ಕೊರತೆ ಬೇಗನೆ ಕಣ್ಣಿಗೆ ಬಿತ್ತು. ಕಾಲೇಜು ಹುಟ್ಟಿ ಹತ್ತು ವರ್ಷದೊಳಗೆ ಮೀನಿನ ಗುಂಪನ್ನೇ ಕಡಲಲ್ಲಿ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಇದೇ ಕರಾವಳಿಗೆ ಬಂದವು. ಬಂಗುಡೆ, ಬೂತಾಯಿಯ ಗುಂಪು ದಡಕ್ಕೆ ಬರುವುದನ್ನು ಕಾದು ಊರಿನ ಹತ್ತಾರು ಜನ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಗಳು ಮೂಲೆ ಸೇರಿದವು, ಘರ್ಷಣೆಗಳಾದವು. ಮತ್ಸ್ಯಸಂಪತ್ತಿನ ನಿರ್ವಹಣೆಗೆ ಆಗ ತರಗತಿಯಲ್ಲಿ ದೊರೆಯುತ್ತಿದ್ದ ಮುಖ್ಯ ಸಾಧನ ಬೆವರ್ಟನ್ ಮತ್ತು ಹೋಲ್ಟ್ 1957ರಲ್ಲಿ ಉತ್ತರ ಸಮುದ್ರದ ಮೀನುಗಳನ್ನು ನೋಡಿ ರೂಪಿಸಿದ ಸಮೀಕರಣಗಳು. ಒಂದೊಂದು ಜಾತಿಯನ್ನು ಪ್ರತ್ಯೇಕವಾಗಿ ಎಣಿಸುವ ಆ ವಿಧಾನವನ್ನು, ಒಂದೇ ಟ್ರಾಲ್ ಬಲೆಗೆ ಹತ್ತಾರು ಜಾತಿ ಬೀಳುವ ಮಂಗಳೂರಿನ ದಕ್ಕೆಗೆ ಹೊಂದಿಸುವುದು ಸುಲಭವಲ್ಲ. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ.

1990ರ ದಶಕದಲ್ಲಿ ಒತ್ತು ಸೂಕ್ಷ್ಮಜೀವಿಶಾಸ್ತ್ರಕ್ಕೆ ಸರಿಯಿತು. ಸಿಗಡಿ ಹೊಂಡಗಳನ್ನು ಬಿಳಿಚುಕ್ಕೆ ವೈರಸ್ ಬರಿದು ಮಾಡಿತು. 1997ರಲ್ಲಿ ಐರೋಪ್ಯ ಒಕ್ಕೂಟ ನೈರ್ಮಲ್ಯದ ಕಾರಣಕ್ಕೆ ಭಾರತದ ಸಮುದ್ರಾಹಾರವನ್ನು ತಡೆದ ಮೇಲೆ, ರಫ್ತು ಕಾರ್ಖಾನೆಗಳಿಗೆ ಗುಣಮಟ್ಟ ಪರೀಕ್ಷಿಸುವವರು ತುರ್ತಾಗಿ ಬೇಕಾದರು. ಮಂಗಳೂರು ಕಾಲೇಜಿನ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯಾ ಕರುಣಾಸಾಗರ್ ಸಿಗಡಿ ರೋಗಗಳ ಪತ್ತೆ ಹಾಗೂ ಸಮುದ್ರಾಹಾರ ಸುರಕ್ಷತೆಯ ಸಂಶೋಧನೆಯಿಂದ ಅಂತರರಾಷ್ಟ್ರೀಯ ಹೆಸರು ಗಳಿಸಿದರು. ಕಾಲೇಜಿಗೆ ಅತಿ ಹೆಚ್ಚು ಕೀರ್ತಿ ತಂದ ಕೆಲಸ ಕಡಲಿನದಲ್ಲ, ಪ್ರಯೋಗಾಲಯದ್ದು ಎಂಬುದನ್ನು ಗಮನಿಸಬೇಕು.

ಅಷ್ಟರಲ್ಲಿ ಕಾಲೇಜುಗಳು ಹರಡಿದ್ದವು: 1977ರಲ್ಲಿ ತೂತ್ತುಕುಡಿ, 1979ರಲ್ಲಿ ಕೇರಳದ ಪನಂಗಾಡ್. ಕಡಲಿಲ್ಲದ ಪಂತನಗರದಲ್ಲೂ ಒಂದು ಬಂತು, ಕೊಳವೇ ಗೆದ್ದಿತೆಂಬುದಕ್ಕೆ ಸಾಕ್ಷಿಯಾಗಿ. ಮುಂಬಯಿ ಸಂಸ್ಥೆ 1989ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಕೇರಳ 2010ರಲ್ಲಿ, ತಮಿಳುನಾಡು 2012ರಲ್ಲಿ ಮೀನುಗಾರಿಕೆಗೇ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಿದವು. ಕರ್ನಾಟಕ ಆ ದಾರಿ ಹಿಡಿಯಲಿಲ್ಲ. ಮಂಗಳೂರು ಕಾಲೇಜು 2005ರಿಂದ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜಿನ ಆಡಳಿತ ಕಡಲಿನಿಂದ ಇಷ್ಟು ದೂರ ಹೋದದ್ದು ಸ್ವಲ್ಪ ವಿಚಿತ್ರವೇ.

ಪದವೀಧರರು ಸಾಮಾನ್ಯವಾಗಿ ಮೀನುಗಾರಿಕೆ ಇಲಾಖೆ, ಬ್ಯಾಂಕು, ಮೀನಿನ ಆಹಾರ ತಯಾರಿಸುವ ಕಂಪನಿ, ರಫ್ತು ಘಟಕ ಅಥವಾ ಉನ್ನತ ವ್ಯಾಸಂಗಕ್ಕೆ ಹೋಗುತ್ತಾರೆ. ಬೋಟು ನಡೆಸುವ, ಎಂಜಿನ್ ನೋಡಿಕೊಳ್ಳುವ ತರಬೇತಿ ಮೊದಲಿನಿಂದಲೂ ಬೇರೆ ಹಾದಿಯಲ್ಲಿ ಸಾಗಿದೆ. ಅದಕ್ಕೆಂದು 1963ರಲ್ಲಿ ಕೊಚ್ಚಿಯಲ್ಲಿ ಪ್ರತ್ಯೇಕ ಕೇಂದ್ರ ಸಂಸ್ಥೆ ಹುಟ್ಟಿತು. ಮಲ್ಪೆ ಬಂದರಿನಲ್ಲಿ ಬೋಟು ನಡೆಸುವ ತಾಂಡೇಲನಾಗಲು ಈಗಲೂ ಬಿ.ಎಫ್.ಎಸ್ಸಿ. ಬೇಕಿಲ್ಲ.