ಭಂಗಿಯುಕ್ತ ಔಷಧ ಸೇವಿಸಿದ್ದವರು ಮತ್ತು ಎಂ.ಬಿ.ಬಿ.ಎಸ್. ಪ್ರವೇಶ: ಸಾರ್ವಜನಿಕರಿಗೆ ಮಾಹಿತಿ

ಚಿಕ್ಕಬಳ್ಳಾಪುರ ಜಿಲ್ಲೆ, ಚಿಂತಾಮಣಿ ತಾಲ್ಲೂಕಿನ ಕೈವಾರ ಹಾಗೂ ಸುತ್ತಲಿನ ಗ್ರಾಮಗಳ ವಿದ್ಯಾರ್ಥಿಗಳು ಮತ್ತು ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ದೀರ್ಘಕಾಲದ ಅತಿಸಾರಕ್ಕೆ ಆಯುರ್ವೇದ ವೈದ್ಯರು ಕೊಡುವ ಜಾತಿಫಲಾದಿ ಚೂರ್ಣದಂತಹ ಔಷಧಗಳಲ್ಲಿ ಭಂಗಿ ಸೇರಿರುತ್ತದೆ. ಇದನ್ನು ತಡವಾಗಿ ಅರಿತ ವಿದ್ಯಾರ್ಥಿಯು ವೈದ್ಯಕೀಯ ಸೀಟಿಗೆ ತಾನು ಅನರ್ಹನೆಂದು ಭಾವಿಸಿ ಅರ್ಜಿಯನ್ನೇ ಸಲ್ಲಿಸದಿರುವ ಸಂಭವವುಂಟು. ಅಂತಹ ಭಯಕ್ಕೆ ಕಾರಣವಿಲ್ಲ.

1. ಕಾನೂನಿನ ಸ್ಥಿತಿ

ಮಾದಕ ದ್ರವ್ಯಗಳು ಮತ್ತು ಮನೋಪ್ರಭಾವಿ ಪದಾರ್ಥಗಳ ಕಾಯ್ದೆ, 1985ರ ಪ್ರಕಾರ ಚರಸ್ ಮತ್ತು ಗಾಂಜಾ ನಿಷೇಧಿತ ವಸ್ತುಗಳು. ಗಿಡದ ಹೂವಿನ ಅಥವಾ ಕಾಯಿಯ ತುದಿಗಳೇ ಗಾಂಜಾ. ತುದಿಗಳಿಲ್ಲದ ಎಲೆ ಹಾಗೂ ಬೀಜ ಈ ವ್ಯಾಖ್ಯೆಗೆ ಒಳಪಡುವುದಿಲ್ಲ. 2022ರಲ್ಲಿ ಜಾಮೀನು ಅರ್ಜಿಯೊಂದರ ಆದೇಶದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಭಂಗಿಯ ವಿಷಯದಲ್ಲಿ ಇದೇ ಅಂಶವನ್ನು ಪರಿಗಣಿಸಿತು. ಭಂಗಿಯು ಔಷಧ ಮತ್ತು ಪ್ರಸಾಧನ ನಿಯಮಗಳು, 1945ರ ಅನುಸೂಚಿ ಇ(1)ರಲ್ಲಿ ಸೇರಿದ್ದು, ಅದನ್ನೊಳಗೊಂಡ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು.

2. ಪ್ರವೇಶದ ಅರ್ಹತೆ

ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ನೀಟ್ ಅರ್ಹತೆ, ಪ್ರವೇಶ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ವಯಸ್ಸು ಹಾಗೂ ನಿಗದಿತ ವಿಜ್ಞಾನ ವಿಷಯಗಳ ವ್ಯಾಸಂಗ ಅವಶ್ಯ. ರಾಜ್ಯದ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. 2023ರಲ್ಲಿ ಉದ್ಘಾಟನೆಗೊಂಡ ಮುದ್ದೇನಹಳ್ಳಿಯ ವೈದ್ಯಕೀಯ ಕಾಲೇಜು ಇದೇ ಜಿಲ್ಲೆಯಲ್ಲಿದೆ. ಹಿಂದೆ ಸೇವಿಸಿದ ಔಷಧವು ಅನರ್ಹತೆಯ ಕಾರಣವಲ್ಲ.

3. ವೈದ್ಯಕೀಯ ಯೋಗ್ಯತಾ ಪ್ರಮಾಣಪತ್ರ

ಪ್ರವೇಶದ ವೇಳೆ ಕಾಲೇಜು ಈ ಪ್ರಮಾಣಪತ್ರವನ್ನು ಕೇಳಬಹುದು. ವೈದ್ಯರು ಪ್ರಶ್ನಿಸಿದಲ್ಲಿ ಸತ್ಯವನ್ನೇ ಹೇಳತಕ್ಕದ್ದು. ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಅಂಶವು ನಿಯಮಿತವಾಗಿ ಸೇವಿಸಿದವರಲ್ಲಿ ಕೆಲವು ವಾರಗಳವರೆಗೂ ಕಾಣಿಸಿಕೊಳ್ಳಬಹುದು. ಆದುದರಿಂದ ವೈದ್ಯರ ಚೀಟಿ ಹಾಗೂ ಔಷಧ ಖರೀದಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು. ಸೇವಿಸಿದ ಔಷಧಕ್ಕಿಂತ ಸುಳ್ಳು ಹೇಳಿಕೆಯೇ ಮುಂದೆ ತೊಂದರೆಗೆ ಕಾರಣವಾಗುತ್ತದೆ.

4. ವಿದೇಶದಲ್ಲಿ ವ್ಯಾಸಂಗ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1996ರಿಂದ ಗಾಂಜಾದ ವೈದ್ಯಕೀಯ ಬಳಕೆಗೆ ಅವಕಾಶವಿದೆ. ಆದರೂ ಅಲ್ಲಿನ ಕಾಲೇಜುಗಳು ಆಸ್ಪತ್ರೆ ತರಬೇತಿಗೆ ಮುನ್ನ ಮಾದಕವಸ್ತು ಪರೀಕ್ಷೆ ನಡೆಸಬಹುದು. ಅಲ್ಲಿನ ವೈದ್ಯರ ಚೀಟಿಯ ಆಧಾರದ ಮೇಲೆ ಗಾಂಜಾವನ್ನು ಭಾರತಕ್ಕೆ ತರಲು ಅನುಮತಿ ಇಲ್ಲ.

5. ಚಟವಾಗಿದ್ದಲ್ಲಿ

ವೈದ್ಯರ ಸಲಹೆಯಿಲ್ಲದೆ ಗಾಂಜಾ ಸೇವಿಸುವುದು ಕಲಂ 27ರಡಿ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂ.ವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಆದರೆ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಕಲಂ 64ಎ ಅನ್ವಯ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಲ್ಲಿ ಈ ರಕ್ಷಣೆ ರದ್ದಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 23ರಂತೆ ಚಿಕಿತ್ಸೆಯ ವಿವರಗಳು ಗೋಪ್ಯವಾಗಿರುತ್ತವೆ.

ವಿದ್ಯಾರ್ಥಿಗಳು ಹಿಂಜರಿಕೆಯಿಂದ ಅರ್ಜಿಯ ಕೊನೆಯ ದಿನಾಂಕವನ್ನು ಕಳೆದುಕೊಳ್ಳದಂತೆಯೂ, ಸಂಶಯವಿದ್ದಲ್ಲಿ ಚಿಕಿತ್ಸೆ ನೀಡಿದ ವೈದ್ಯರನ್ನು ಮೊದಲೇ ಸಂಪರ್ಕಿಸುವಂತೆಯೂ ಕೋರಲಾಗಿದೆ.