ಕನ್ನಡಿ ಹಿಡಿದವನ ಮೇಲೆ ಮೊಕದ್ದಮೆ

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ನಮ್ಮಲ್ಲಿ ಹಳೆಯದು. ಆದರೆ ಬಲ್ಲಿದರು ತಾವೇ ಎದ್ದು ಬರಬೇಕಾದ ಪ್ರಮೇಯವಿಲ್ಲ. ಆ ಕೆಲಸವನ್ನು ಅವರು ನ್ಯಾಯಾಲಯದ ಕೈಯಿಂದ ಮಾಡಿಸಬಲ್ಲರು. ಆಗ ಒದೆತಕ್ಕೆ ತೀರ್ಪು ಎಂಬ ಗೌರವದ ಹೆಸರು ಬರುತ್ತದೆ. ಇದು ಹೇಗೆ ನಡೆಯುತ್ತದೆಂಬುದನ್ನು ತಿಳಿಯಬಯಸುವವರು 1861ರ ಕಲ್ಕತ್ತೆಯ ಮೊಕದ್ದಮೆಯೊಂದನ್ನು ಅವಶ್ಯವಾಗಿ ನೋಡಬೇಕು.

ಆ ಕಾಲದಲ್ಲಿ ಬಂಗಾಳದ ನದಿಯಾ, ಜೆಸ್ಸೋರ್ ಮೊದಲಾದ ಜಿಲ್ಲೆಗಳಲ್ಲಿ ನೀಲಿಯ ಬೇಸಾಯ ಐರೋಪ್ಯ ದೊರೆಗಳ ಕೈಯಲ್ಲಿತ್ತು. ಬತ್ತ ಬೆಳೆಯಬೇಕಾದ ಹೊಲದಲ್ಲಿ ರೈತ ನೀಲಿ ಬಿತ್ತಬೇಕು. ಅದಕ್ಕಾಗಿ ಅವನ ಕೈಗೆ ಸ್ವಲ್ಪ ಮುಂಗಡ ಹಣ ಬೀಳುತ್ತಿತ್ತು. ಬೆಳೆಗೆ ಕಟ್ಟುತ್ತಿದ್ದ ಬೆಲೆ ಎಷ್ಟು ಕಡಿಮೆಯೆಂದರೆ ಆ ಮುಂಗಡ ತೀರುತ್ತಲೇ ಇರಲಿಲ್ಲ. ತಂದೆಯ ಸಾಲ ಮಗನ ತಲೆಗೆ ಬರುತ್ತಿತ್ತು. ಒಲ್ಲೆನೆಂದವನಿಗೆ ಲಾಠಿಯವರ ಏಟು, ಉಗ್ರಾಣದ ಸೆರೆ. 1859ರಲ್ಲಿ ರೈತರು ಬಿತ್ತುವುದಿಲ್ಲವೆಂದು ನಿಂತುಬಿಟ್ಟರು. 1860ರಲ್ಲಿ ಸರ್ಕಾರ ಹನ್ನೊಂದನೆಯ ಕಾಯಿದೆಯನ್ನು ತಂದು, ನೀಲಿಯ ಕರಾರು ಮುರಿಯುವುದನ್ನು ತಾತ್ಕಾಲಿಕವಾಗಿ ಅಪರಾಧವನ್ನಾಗಿ ಮಾಡಿತು. ಸಾಲದ ವ್ಯವಹಾರಕ್ಕೆ ರೈತರು ಜೈಲು ಸೇರಿದರು. ಅದೇ ಕಾಯಿದೆಯಂತೆ ನೇಮಕವಾದ ಐವರ ಆಯೋಗ ಸಾಕ್ಷಿಗಳನ್ನು ವಿಚಾರಿಸಿತು. ಅದರಲ್ಲಿ ತೋಟದ ದೊರೆಗಳ ಪ್ರತಿನಿಧಿಯೂ ಒಬ್ಬನಿದ್ದನು. ರೈತ ನೀಲಿ ಬೆಳೆಯುತ್ತಿರುವುದು ಬಲವಂತಕ್ಕೆ, ಲಾಭಕ್ಕಲ್ಲ ಎಂಬುದು ಆಯೋಗಕ್ಕೆ ಮನವರಿಕೆಯಾಯಿತು.

ಅದೇ ವರ್ಷ ಢಾಕಾದಲ್ಲಿ ಕರ್ತೃವಿನ ಹೆಸರಿಲ್ಲದೆ ಒಂದು ನಾಟಕ ಅಚ್ಚಾಯಿತು: 'ನೀಲದರ್ಪಣ'. ಬರೆದವರು ಅಂಚೆ ಇಲಾಖೆಯ ನೌಕರರಾಗಿದ್ದ ದೀನಬಂಧು ಮಿತ್ರರು. ಬಂಗಾಳದಲ್ಲಿ ನೆಲೆಸಿ, ಅಲ್ಲಿಯ ಭಾಷೆಯನ್ನು ಕಲಿತು, ಅಲ್ಲಿಯ ಗಾದೆಗಳನ್ನು ಕೂಡಿಸಿದ್ದ ಪಾದ್ರಿ ಜೇಮ್ಸ್ ಲಾಂಗರ ಕೈಗೆ ಈ ಪುಸ್ತಕ ಬಂದಿತು. ಆಯೋಗದ ಅಧ್ಯಕ್ಷರೂ ಬಂಗಾಳ ಸರ್ಕಾರದ ಕಾರ್ಯದರ್ಶಿಗಳೂ ಆಗಿದ್ದ ಸೀಟನ್-ಕಾರರು ಇಂಗ್ಲಿಷ್ ಅನುವಾದಕ್ಕೆ ಒಪ್ಪಿಗೆ ಕೊಟ್ಟರು. ಲಾಂಗರು ಮುನ್ನುಡಿ ಬರೆದು 1861ರಲ್ಲಿ ಅಚ್ಚು ಹಾಕಿಸಿದರು. ಸರ್ಕಾರದ ಲಕೋಟೆಗಳಲ್ಲಿಯೇ 202 ಪ್ರತಿಗಳು ಹಂಚಿಕೆಯಾದವು.

ತೋಟದ ದೊರೆಗಳು ಕೆರಳಿದರು. ಪುಸ್ತಕದಲ್ಲಿ ಹೇಳಿದ್ದು ಸುಳ್ಳೆಂದು ತೋರಿಸುವುದು ಅವರಿಗೆ ಸುಲಭವಿರಲಿಲ್ಲ. ಆಯೋಗದ ವರದಿ ಎದುರಿಗಿತ್ತು. ಆದ್ದರಿಂದ ಅವರು ಪ್ರಶ್ನೆಯನ್ನೇ ಬದಲಾಯಿಸಿದರು. 'ಹೇಳಿದ್ದು ನಿಜವೇ?' ಎಂಬುದನ್ನು ಬಿಟ್ಟು, 'ಹೇಳಿದವನು ಯಾರು?' ಎಂದು ಕೇಳತೊಡಗಿದರು. ಮೊದಲು ಸಿಕ್ಕಿದವನು ಮುದ್ರಕ. ಅವನಿಗೆ 10 ರೂಪಾಯಿ ದಂಡವಾಯಿತು. ಪುಸ್ತಕ ಅಚ್ಚು ಹಾಕಿಸಿದವನು ತಾನೆಂದು ತಿಳಿಸಲು ಲಾಂಗರೇ ಅವನಿಗೆ ಅನುಮತಿ ಕೊಟ್ಟರು. ನಾಟಕಕಾರನ ಹೆಸರನ್ನಾಗಲಿ ಅನುವಾದಕನ ಹೆಸರನ್ನಾಗಲಿ ಮಾತ್ರ ಅವರು ಹೊರಗೆಡಹಲಿಲ್ಲ.

ಜುಲೈ 19ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಮಾರ್ಡಂಟ್ ವೆಲ್ಸರ ಮುಂದೆ ವಿಚಾರಣೆ ಆರಂಭವಾಯಿತು. ತೋಟದ ದೊರೆಗಳ ಮಾನಕ್ಕೂ ಅವರ ಪರವಾಗಿ ಬರೆಯುತ್ತಿದ್ದ ಪತ್ರಿಕೆಯವರ ಮಾನಕ್ಕೂ ಕುಂದು ಬಂದಿದೆಯೆಂಬುದು ಆರೋಪ. ರೈತನ ಬೆನ್ನಿನ ಬಾಸುಂಡೆ ಅಲ್ಲಿ ವಿಚಾರಣೆಯ ವಿಷಯವಾಗಲೇ ಇಲ್ಲ. ದೇಶೀಯರ ಮನಸ್ಸಿನಲ್ಲಿ ಏನಿದೆಯೆಂಬುದನ್ನು ಆಳುವವರಿಗೆ ತಿಳಿಸುವುದೇ ತಮ್ಮ ಉದ್ದೇಶವಾಗಿತ್ತೆಂದು ಲಾಂಗರು ನಿವೇದಿಸಿದರು. 1857 ಆಗ ನಾಲ್ಕೇ ವರ್ಷ ಹಿಂದಿನ ಮಾತು. ಫಲವಿಲ್ಲವಾಯಿತು. ಜುಲೈ 24ರಂದು ಒಂದು ತಿಂಗಳ ಸೆರೆ, 1,000 ರೂಪಾಯಿ ದಂಡ ವಿಧಿಸಲಾಯಿತು. ದಂಡದ ಹಣವನ್ನು ಕಾಲೀಪ್ರಸನ್ನ ಸಿಂಹರು ಕೂಡಲೇ ಕಟ್ಟಿದರು. ಸೆರೆಯನ್ನು ಯಾರೂ ಹಂಚಿಕೊಳ್ಳುವಂತಿರಲಿಲ್ಲ. ಸೀಟನ್-ಕಾರರೂ ಸರ್ಕಾರದ ಖಂಡನೆಗೆ ಗುರಿಯಾಗಿ ಕಾರ್ಯದರ್ಶಿ ಪದವಿಯನ್ನು ಬಿಡಬೇಕಾಯಿತು.

ಲಾಂಗರ ಕಥೆಯನ್ನು ಇತಿಹಾಸ ಆದರದಿಂದ ನೆನೆಯುತ್ತದೆ. ಅದರ ಮಗ್ಗುಲಲ್ಲಿಯೇ ನಡೆದ ಇನ್ನೊಂದು ವ್ಯಾಜ್ಯವನ್ನು ಅಷ್ಟಾಗಿ ನೆನೆಯುವುದಿಲ್ಲ. 'ಹಿಂದೂ ಪೇಟ್ರಿಯಟ್' ಪತ್ರಿಕೆಯ ಸಂಪಾದಕ ಹರಿಶ್ಚಂದ್ರ ಮುಖರ್ಜಿಯವರು ವಾರವಾರವೂ ನೀಲಿಯ ಅನ್ಯಾಯವನ್ನು ಬರೆದರು. ಹಳ್ಳಿಯಿಂದ ಬಂದ ರೈತರಿಗೆ ಅರ್ಜಿ ಬರೆದುಕೊಟ್ಟರು. ಆರ್ಚಿಬಾಲ್ಡ್ ಹಿಲ್ಸ್ ಎಂಬ ತೋಟದ ದೊರೆ ಅವರ ಮೇಲೆ ಮಾನನಷ್ಟದ ದಾವೆ ಹೂಡಿದನು. 1861ರ ಜೂನ್ 14ರಂದು, ಇನ್ನೂ ನಲವತ್ತು ತುಂಬುವ ಮೊದಲೇ, ಹರಿಶ್ಚಂದ್ರರು ತೀರಿಕೊಂಡರು. ದಾವೆ ತೀರಲಿಲ್ಲ, ಅದು ಅವರ ವಿಧವೆಯ ಮೇಲೆ ಮುಂದುವರಿಯಿತು. ಕೊನೆಗೆ ಆಕೆ ಖರ್ಚಿನ ಹಣ ಕೊಡಲೊಪ್ಪಿ ರಾಜಿ ಮಾಡಿಕೊಳ್ಳಬೇಕಾಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಇಲ್ಲಿ ಸತ್ತವನಿಗೂ ಬಿಡುಗಡೆಯಿರಲಿಲ್ಲ.

ಸತ್ತವನು ಮತ್ತೆ ಬರೆಯಲಾರ. ಆ ದಾವೆಯಿಂದ ಹಿಲ್ಸ್‌ಗೆ ಆಗಬೇಕಾದ್ದಾದರೂ ಏನು? ಉತ್ತರ ಸ್ಪಷ್ಟವಾಗಿದೆ. ಮೊಕದ್ದಮೆಯ ಗುರಿ ಹರಿಶ್ಚಂದ್ರರೊಬ್ಬರೇ ಅಲ್ಲ. ನಾಳೆ ಲೇಖನಿ ಹಿಡಿಯಬಹುದಾದ ಮತ್ತೊಬ್ಬನೂ ಹೌದು. ಅವನು ಆ ವಿಧವೆಯನ್ನು ನೋಡಬೇಕು, ತನ್ನ ಹೆಂಡತಿ ಮಕ್ಕಳನ್ನು ನೆನೆಯಬೇಕು, ಲೇಖನಿಯನ್ನು ಕೆಳಗಿಡಬೇಕು. ಇಂಥ ಮೊಕದ್ದಮೆಯಲ್ಲಿ ತೀರ್ಪಿಗಿಂತ ವಾಯಿದೆಯೇ ದೊಡ್ಡ ಶಿಕ್ಷೆ. ವಕೀಲರ ಫೀಸು, ಅಲೆದಾಟ, ನಿದ್ದೆಯಿಲ್ಲದ ರಾತ್ರಿ ಇವೆಲ್ಲ ತೀರ್ಪಿಗೆ ಮುಂಚೆಯೇ ಬಂದುಬಿಡುತ್ತವೆ. ಹಣವುಳ್ಳವನಿಗೆ ಅದು ವ್ಯಾಪಾರದ ಖರ್ಚು. ಇಲ್ಲದವನಿಗೆ ಅದು ಮನೆ ಮಠ.

1980ರ ದಶಕದಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ಇಂಥ ದಾವೆಗಳನ್ನು ಅಭ್ಯಾಸ ಮಾಡಿ ಅವುಗಳಿಗೆ 'ಸ್ಲ್ಯಾಪ್' ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಆ ಮಾತಿಗೆ ಕೆನ್ನೆಗೆ ಹೊಡೆಯುವುದೆಂದೂ ಅರ್ಥ. ನಮ್ಮ ಗಾದೆಯ ಒದೆತಕ್ಕೆ ಅದು ದೂರದ ನಂಟು. ಅಕ್ರಮವನ್ನು ಬಯಲಿಗೆಳೆಯುವವರ ರಕ್ಷಣೆಗೆಂದು ನಮ್ಮ ಸಂಸತ್ತು 2014ರಲ್ಲಿ ಒಂದು ಕಾಯಿದೆಯನ್ನು ಅಂಗೀಕರಿಸಿತು. ಲೋಕಹಿತಕ್ಕಾಗಿ ನಿಜವನ್ನಾಡಿದರೆ ಅದು ಮಾನಹಾನಿಯಲ್ಲವೆಂದು 1860ರ ದಂಡಸಂಹಿತೆಯೂ ಹೇಳಿತ್ತು. 2024ರ ಜುಲೈಯಿಂದ ಅದರ ಸ್ಥಾನಕ್ಕೆ ಬಂದ ನ್ಯಾಯಸಂಹಿತೆಯೂ ಹಾಗೆಯೇ ಹೇಳುತ್ತದೆ. ಆದರೆ ಅದನ್ನು ಸ್ಥಾಪಿಸಬೇಕಾದವನು ಆರೋಪಿಯೇ. ಅಷ್ಟು ದಿನ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯಬೇಕಾದವನೂ ಅವನೇ.

ನೀಲಿಯ ದೊರೆಗಳು ಮೊಕದ್ದಮೆ ಗೆದ್ದರು. ಆದರೆ ನದಿಯಾ, ಜೆಸ್ಸೋರ್ ಸೀಮೆಯಲ್ಲಿ ಅವರ ನೀಲಿ ಮತ್ತೆ ಹಳೆಯ ಬಲಕ್ಕೆ ಬರಲಿಲ್ಲ. 1872ರ ಡಿಸೆಂಬರ್ 7ರಂದು ಕಲ್ಕತ್ತೆಯ ನ್ಯಾಷನಲ್ ಥಿಯೇಟರು ತನ್ನ ಮೊದಲ ಪ್ರದರ್ಶನಕ್ಕೆ ಆರಿಸಿಕೊಂಡದ್ದು 'ನೀಲದರ್ಪಣ'ವನ್ನೇ. ಇದು ಸಂತೋಷದ ಸಂಗತಿ. ಆದರೆ ಲೋಕ ಚಪ್ಪಾಳೆ ತಟ್ಟುವ ಹೊತ್ತಿಗೆ ಹರಿಶ್ಚಂದ್ರರು ಇರಲಿಲ್ಲ. ಸತ್ಯ ಎಂದಾದರೂ ಗೆಲ್ಲುತ್ತದೆಂದು ನಾವು ಸಮಾಧಾನ ಹೇಳಿಕೊಳ್ಳುವಾಗ, ಅದು ಗೆಲ್ಲುವವರೆಗೆ ಅದನ್ನು ಹೇಳಿದವನ ಮನೆಯ ಒಲೆ ಉರಿಯುವ ಬಗೆಯನ್ನೂ ಯೋಚಿಸುವುದು ಸಮಾಜದ ಹೊಣೆ. ಕಾಲೀಪ್ರಸನ್ನರು ಆ ಹೊಣೆಯನ್ನು ಅರಿತಿದ್ದರು.