ಹಿತ್ತಿಲ ಬಚ್ಚಲಿನ ಗೀಸರ್: ವೈರಿನ ದಪ್ಪ ಮತ್ತು ಎಂಸಿಬಿಯ ಆಯ್ಕೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿತ್ತಿಲಲ್ಲಿ ಬೇರೆಯಾಗಿ ಕಟ್ಟಿದ ಬಚ್ಚಲುಮನೆಗೆ, ತೆಂಗಿನ ಗರಿ, ಮಟ್ಟೆ ಉರಿಸಿ ಕಾಯಿಸುತ್ತಿದ್ದ ಹಂಡೆಯ ಜಾಗದಲ್ಲಿ ಗೀಸರ್ ಬಂದಾಗ, ಹೊರೆಯೂ ಮೀಟರ್ ಬೋರ್ಡಿನಿಂದ ಇರುವ ದೂರವೂ ಒಟ್ಟಿಗೆ ಹೆಚ್ಚುವುದರಿಂದ ವೈರಿಂಗ್ ಹೊಸದಾಗಿ ಲೆಕ್ಕ ಹಾಕಬೇಕಾದ ವಿಷಯವಾಗುತ್ತದೆ.

230 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಎಂಸಿಬಿ, ಅಂದರೆ ಮಿತಿ ಮೀರಿದ ವಿದ್ಯುತ್ತನ್ನು ತಾನಾಗಿ ಕಡಿಯುವ ಸ್ವಿಚ್ಚು, ಕಾಯುವುದು ಗೀಸರನ್ನಲ್ಲ, ವೈರನ್ನು. ಆದ್ದರಿಂದ ಅದರ ಅಳತೆ ಹೊರೆಯ ವಿದ್ಯುತ್ತಿಗಿಂತ ಕಡಿಮೆಯೂ ವೈರಿನ ತಾಳಿಕೆಗಿಂತ ಹೆಚ್ಚೂ ಆಗಬಾರದು. ಪೈಪಿನೊಳಗಿನ 1.5 ಚದರ ಮಿ.ಮೀ. ತಾಮ್ರದ ಪಿವಿಸಿ ವೈರು 40 ಡಿಗ್ರಿ ಸೆಖೆಯಲ್ಲಿ ಸುಮಾರು 15 ಆಂಪಿಯರ್ ಮಾತ್ರ ತಾಳುವುದರಿಂದ 16 ಆಂಪಿಯರ್ ಎಂಸಿಬಿಗೆ ಅದು ಸಲ್ಲದು. 21 ಆಂಪಿಯರ್‌ನಷ್ಟು ತಾಳುವ 2.5 ಚದರ ಮಿ.ಮೀ. ವೈರು ಸಲ್ಲುತ್ತದೆ. ಎಂಸಿಬಿ ಪದೇಪದೇ ಬೀಳುತ್ತದೆಂದು ಅದೇ ವೈರಿಗೆ 32 ಆಂಪಿಯರ್‌ನದನ್ನು ಹಾಕಿದರೆ ಕಾವಲನ್ನೇ ತೆಗೆದಂತಾಗುತ್ತದೆ.

ದೂರದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒಯ್ದವರು ವೋಲ್ಟೇಜ್ ಏರಿಸಿ ದಾರಿಯ ನಷ್ಟವನ್ನು ತಗ್ಗಿಸಿಕೊಂಡರು. ಮನೆಯಲ್ಲಿ ಆ ಉಪಾಯವಿಲ್ಲ, ವೈರನ್ನೇ ದಪ್ಪವಾಗಿಸಬೇಕು. ಬೋರ್ಡಿನಿಂದ 30 ಮೀಟರ್ ದೂರಕ್ಕೆ ಹೋಗಿ ಬರುವ 60 ಮೀಟರ್ ತಾಮ್ರದಲ್ಲಿ, 13 ಆಂಪಿಯರ್ ಹರಿದಾಗ 1.5ರ ವೈರಿನಲ್ಲಿ ಸುಮಾರು 9.4, 2.5ರದರಲ್ಲಿ 5.8, 4ರದರಲ್ಲಿ 3.6 ವೋಲ್ಟ್ ಕುಸಿಯುತ್ತದೆ. 2.5 ಸಾಕು, ದೂರ ಇನ್ನೂ ಹೆಚ್ಚಾದರೆ 4 ಲೇಸು.

ಪಂಪ್‌ಸೆಟ್ಟಿನ ರೂಢಿಯನ್ನು ಗೀಸರಿಗೂ ಅನ್ವಯಿಸುವುದು ಇಂಥ ನೀರಾವರಿ ನಾಡಿನಲ್ಲಿ ಸಹಜವಾದರೂ ಸರಿಯಲ್ಲ. ವೋಲ್ಟೇಜ್ ಇಳಿದಾಗ ಹೊರೆ ಹೊತ್ತ ಮೋಟಾರು ಹೆಚ್ಚು ವಿದ್ಯುತ್ ಎಳೆಯುತ್ತದೆ, ಶುರುವಾಗುವಾಗಲಂತೂ ಹಲವು ಪಟ್ಟು; ಅದಕ್ಕೇ ಅದರ ಆರಂಭದ ಜಗ್ಗನ್ನು ಸಹಿಸುವ ಸಿ ವರ್ಗದ ಎಂಸಿಬಿ ಬೇಕು. ಹೀಟರಿನ ಕಾಯಿಲ್ ಹಾಗಲ್ಲ: 200 ವೋಲ್ಟಿಗೆ ಇಳಿದರೆ ಅದು 11.3 ಆಂಪಿಯರ್ ಮಾತ್ರ ಎಳೆದು, ನೀರು ಕಾಯುವುದು ತಡವಾಗುತ್ತದಷ್ಟೆ. ಬಿ ವರ್ಗದ ಎಂಸಿಬಿಯೇ ಸಾಕು. ಆದರೆ ಒದ್ದೆ ನೆಲದ ಬಚ್ಚಲಿನಲ್ಲಿ ಎಂಸಿಬಿಯೊಂದೇ ಸಾಲದು. ಮೈಮೇಲೆ ಹರಿಯುವ ಸಣ್ಣ ಸೋರಿಕೆಯನ್ನು ಅದು ಗುರುತಿಸಲಾರದ್ದರಿಂದ ಭೂಸಂಪರ್ಕದ ಪ್ರತ್ಯೇಕ ವೈರೂ 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿಯುವ ಆರ್‌ಸಿಸಿಬಿಯೂ ಇರಲೇಬೇಕು.